ಕೋಳಿ ಗೊಬ್ಬರದ ಜತೆ ಹೊಲಕ್ಕೆ ಬರುವುದೇನು?

ಪ್ರಶ್ನೆ: ನಮ್ಮದು ಕಾರಟಗಿ ತಾಲ್ಲೂಕಿನ ಹಳ್ಳಿ. ನಾಲ್ಕು ಎಕರೆ ಭತ್ತ, ಅರ್ಧ ಎಕರೆ ತರಕಾರಿ, ನಲವತ್ತು ಕುರಿ ಇವೆ. ಊರಿಂದ ಒಂದೂವರೆ ಕಿಲೊಮೀಟರ್ ದೂರದಲ್ಲಿ ಮೊಟ್ಟೆ ಕೋಳಿ ಫಾರಂ ಇದೆ. ಐದಾರು ವರ್ಷಗಳಿಂದ ಅಲ್ಲಿಂದಲೇ ಗೊಬ್ಬರ ತಂದು ಹಾಕುತ್ತಿದ್ದೇನೆ. ಕಳೆದ ತಿಂಗಳು ನಮ್ಮವ್ವನಿಗೆ ಉರಿಮೂತ್ರ ಶುರುವಾಯಿತು. ಎರಡು ಕೋರ್ಸ್ ಮಾತ್ರೆ ನುಂಗಿದರೂ ಕಡಿಮೆಯಾಗಲಿಲ್ಲ. ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿದರೆ ಹದಿನಾರು ಔಷಧಗಳಲ್ಲಿ ಹನ್ನೊಂದರ ಮುಂದೆ ‘ಆರ್’ ಎಂದು ಬಂತು, ಅಂದರೆ ಆ ಔಷಧಕ್ಕೆ ಬ್ಯಾಕ್ಟೀರಿಯಾ ಜಗ್ಗದು. ಕೋಳಿಗಳಿಗೆ ಕೊಡುವ ಆ್ಯಂಟಿಬಯೋಟಿಕ್‌ನಿಂದಲೇ ಹೀಗಾಗುತ್ತದೆ ಎಂದು ಊರಲ್ಲಿ ಹೇಳುತ್ತಾರೆ. ನಿಜವೇ? ಮೊಟ್ಟೆ ತಿನ್ನುವುದು ಬಿಡಬೇಕೆ? ಗೊಬ್ಬರ ತರುವುದು ನಿಲ್ಲಿಸಬೇಕೆ?

ಉತ್ತರ: ಮೊಟ್ಟೆಯ ಪ್ರಶ್ನೆ ಸುಲಭ, ಅದನ್ನು ಮೊದಲು ಮುಗಿಸಿಬಿಡೋಣ. ಬಿಡಬೇಡಿ, ಬೇಯಿಸಿ ತಿನ್ನಿ. ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಬೆಂಕಿಗೆ ಜಗ್ಗುತ್ತದೆ. ಗಟ್ಟಿಯಾಗಿ ಬೆಂದ ಮೊಟ್ಟೆಯಲ್ಲಿ, ಚೆನ್ನಾಗಿ ಕುದ್ದ ಕೋಳಿ ಸಾರಿನಲ್ಲಿ ಅದು ಉಳಿಯುವುದಿಲ್ಲ. ಅಡುಗೆಮನೆಯಲ್ಲಿ ತೊಂದರೆ ಏನಿದ್ದರೂ ಒಲೆ ಹಚ್ಚುವ ಮೊದಲು: ಹಸಿ ಕೋಳಿಯನ್ನು ನಲ್ಲಿ ಕೆಳಗೆ ಹಿಡಿದು ತೊಳೆಯುವಾಗ ಸಿಡಿಯುವ ಹನಿ, ಹಿಕ್ಕೆ ಮೆತ್ತಿದ ಮೊಟ್ಟೆ ಮುಟ್ಟಿದ ಕೈ, ಕೋಳಿ ಕೊಯ್ದ ಈಳಿಗೆಯಲ್ಲೇ ಹೆಚ್ಚಿದ ಸವತೆಕಾಯಿ.

ನಿಮ್ಮವ್ವನ ಮೂತ್ರದಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಆ ಫಾರಂನಿಂದಲೇ ಬಂತು ಎಂದು ನಾನು ಹೇಳಲಾರೆ. ಅಷ್ಟು ಖಚಿತವಾಗಿ ಹೇಳುವವರನ್ನು ನೀವೂ ನಂಬಬೇಡಿ. ಉರಿಮೂತ್ರ ತರುವುದು ಬಹುಪಾಲು ಇ. ಕೋಲಿ, ಅದು ಬರುವುದು ಅವರವರ ಕರುಳಿನಿಂದಲೇ. ಔಷಧಕ್ಕೆ ಜಗ್ಗದ ಇ. ಕೋಲಿ ಆ ಕರುಳು ಸೇರಲು ಹತ್ತು ದಾರಿಗಳಿವೆ. ನೆಗಡಿಗೂ ಮೈಕೈ ನೋವಿಗೂ ಅಂಗಡಿಯಿಂದ ತಂದು ನುಂಗಿದ ಮಾತ್ರೆ, ಆಸ್ಪತ್ರೆಯಲ್ಲಿ ಕಳೆದ ನಾಲ್ಕು ದಿನ, ಮನೆಯ ಮಕ್ಕಳು, ಕುಡಿಯುವ ನೀರು, ಹಸಿ ತರಕಾರಿ. ನೆದರ್ಲೆಂಡ್ಸ್‌ನವರು 2019ರಲ್ಲಿ ಇಂಥದ್ದೊಂದು ಲೆಕ್ಕ ಪ್ರಕಟಿಸಿದರು. ಇಎಸ್‌ಬಿಎಲ್ ಎಂಬ ಕಿಣ್ವ ಮಾಡಿಕೊಂಡು ಸೆಫಲೊಸ್ಪೊರಿನ್ ಔಷಧಗಳನ್ನು ಒಡೆದುಹಾಕುವ ಬ್ಯಾಕ್ಟೀರಿಯಾ ಊರ ಜನರ ಕರುಳಿಗೆ ಎಲ್ಲಿಂದ ಬರುತ್ತದೆ ಎಂಬ ಲೆಕ್ಕ ಅದು. ಶೇ 60ರಷ್ಟು ಮನುಷ್ಯರಿಂದ ಮನುಷ್ಯರಿಗೇ ದಾಟಿದ್ದು, ಆಹಾರದಿಂದ ಬಂದದ್ದು ಶೇ 19ರ ಸುಮಾರು. ಅಲ್ಲಿಯ ಚರಂಡಿ ಬೇರೆ, ನಮ್ಮ ಚರಂಡಿ ಬೇರೆ. ಆ ಅಂಕಿಗಳನ್ನು ಹಾಗೇ ಎತ್ತಿ ತಂದು ಕಾರಟಗಿಯಲ್ಲಿ ಕೂರಿಸಲು ಬರುವುದಿಲ್ಲ. ಆದರೂ ಫಾರಂ ಕಡೆ ಬೆರಳು ತೋರಿಸುವ ಮೊದಲು ಇದು ನೆನಪಿರಲಿ.

ಆ ‘ಆರ್’ ಹೇಗೆ ಬರುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಪ್ರಯೋಗಾಲಯದಲ್ಲಿ ಅಂಗೈಯಗಲದ ತಟ್ಟೆಗೆ ಅಗರ್ ಎಂಬ ಲೋಳೆ ಹುಯ್ದು, ಅದು ಗಟ್ಟಿಯಾದ ಮೇಲೆ ರೋಗಿಯಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ಹತ್ತಿಯ ಕಡ್ಡಿಯಿಂದ ತುಂಬಾ ಸವರುತ್ತೇವೆ. ಅದರ ಮೇಲೆ ಕುಂಕುಮದ ಬೊಟ್ಟಿನಷ್ಟು ಅಗಲದ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ, ಒಂದೊಂದರಲ್ಲೂ ಒಂದೊಂದು ಔಷಧ. ರಾತ್ರಿಯೆಲ್ಲ 35 ಡಿಗ್ರಿ ಶಾಖದಲ್ಲಿಟ್ಟು ಬೆಳಿಗ್ಗೆ ತೆಗೆದರೆ, ಔಷಧ ಕೆಲಸ ಮಾಡಿದ ಬಿಲ್ಲೆಯ ಸುತ್ತ ಚಂದ್ರನಿಗೆ ಕಣ ಕಟ್ಟಿದಂತೆ ತಿಳಿಯಾದ ಬಳೆ ಕಾಣುತ್ತದೆ. ಕೆಲಸ ಮಾಡದ ಬಿಲ್ಲೆಯ ಅಂಚಿಗೆ ತಾಗಿಕೊಂಡೇ ಬ್ಯಾಕ್ಟೀರಿಯಾ ಕೆನೆಗಟ್ಟಿರುತ್ತದೆ. ಸ್ಕೇಲ್ ಇಟ್ಟು ಬಳೆಯ ಅಗಲ ಅಳೆಯುತ್ತೇವೆ, ಸಾಲದಿದ್ದರೆ ‘ಆರ್’, ಅಷ್ಟೇ. ಕೋಳಿ, ಕುರಿ, ಎಮ್ಮೆಗಳಿಂದ ತೆಗೆದ ಮಾದರಿಗಳ ಮೇಲೆ ಇದೇ ಪರೀಕ್ಷೆ ಮಾಡುತ್ತ ನಾನು ಇಪ್ಪತ್ತಾರು ವರ್ಷ ಕಳೆದೆ. ಮೊದಮೊದಲು ಟೆಟ್ರಾಸೈಕ್ಲಿನ್ ಬಿಲ್ಲೆಯ ಸುತ್ತ ಬಳೆ ಕಾಣದಿದ್ದರೆ ಬಿಲ್ಲೆಯೇ ಹಳತಾಗಿರಬೇಕೆಂದು ಹೊಸ ಡಬ್ಬಿ ಒಡೆಯುತ್ತಿದ್ದೆ. ಕೊನೆಕೊನೆಗೆ, ಬಳೆ ಕಂಡರೆ ಪಕ್ಕದವರನ್ನು ಕರೆದು ತೋರಿಸುವಂತಾಯಿತು.

ಇನ್ನು ಫಾರಂ. ಹೊಸಪೇಟೆ, ಕೊಪ್ಪಳ, ಬಳ್ಳಾರಿ ಸುತ್ತಿನದು ದೊಡ್ಡ ಮೊಟ್ಟೆ ಸೀಮೆ. ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ದಿನವೂ ಬಿಡುವ ದರಪಟ್ಟಿಯಲ್ಲಿ ಹೊಸಪೇಟೆಗೇ ಒಂದು ಸಾಲಿದೆ. ಒಂದು ಮೊಟ್ಟೆ ಕೋಳಿ ದಿನಕ್ಕೆ ನೂರು ಗ್ರಾಂ ಆಸುಪಾಸು ಹಿಕ್ಕೆ ಹಾಕುತ್ತದೆ. ಐವತ್ತು ಸಾವಿರ ಕೋಳಿ ಇದ್ದರೆ ದಿನಕ್ಕೆ ಐದು ಟನ್ ಆಯಿತು. ಮೊಟ್ಟೆಯನ್ನು ಟ್ರೇ ಲೆಕ್ಕದಲ್ಲಿ ಎಣಿಸಿ ಕಳಿಸುತ್ತಾರೆ, ಹಿಕ್ಕೆಯನ್ನು ಲಾರಿಗೆ ಎತ್ತಿಹಾಕಿ ಕಳಿಸುತ್ತಾರೆ. ಜನ ಹೆದರುವುದು ಮೊದಲನೆಯದಕ್ಕೆ, ನಾನು ಹೆದರುವುದು ಎರಡನೆಯದಕ್ಕೆ. ಮೊಟ್ಟೆ ಒಲೆ ದಾಟಿ ಬಾಯಿಗೆ ಬರುತ್ತದೆ. ಗೊಬ್ಬರ ಹಸಿಹಸಿಯಾಗಿ ಹೊಲಕ್ಕೆ ಹೋಗುತ್ತದೆ, ಹೊಲದಿಂದ ಹಳ್ಳಕ್ಕೆ ಇಳಿಯುತ್ತದೆ.

ಮನುಷ್ಯನಿಗೆ ಜ್ವರ ಬಂದರೆ ಅವನೊಬ್ಬನಿಗೆ ಮಾತ್ರೆ. ಶೆಡ್ಡಿನಲ್ಲಿ ಹಾಗೆ ನಡೆಯುವುದಿಲ್ಲ. ನಾಲ್ಕು ಕೋಳಿ ಗೊರಗೊರ ಉಸಿರಾಡಿದರೆ ನೀರಿನ ಟ್ಯಾಂಕಿಗೇ ಔಷಧ ಸುರಿದು ಇಡೀ ಶೆಡ್ಡಿಗೆ ಕುಡಿಸುತ್ತಾರೆ. ರೋಗ ಬಂದ ಕೋಳಿ ನೀರು ಕುಡಿಯುವುದೇ ಕಡಿಮೆ, ಚೆನ್ನಾಗಿರುವುದು ಹೊಟ್ಟೆ ತುಂಬ ಕುಡಿಯುತ್ತದೆ. ಹೀಗಾಗಿ ಬೇಕಾದದ್ದಕ್ಕೆ ಅರೆಪಾಲು, ಬೇಡದ್ದಕ್ಕೆ ಪೂರಾ ಡೋಸ್. ಕಳೆನಾಶಕವನ್ನು ಅರ್ಧ ಪ್ರಮಾಣದಲ್ಲಿ ಹೊಡೆದ ಗದ್ದೆ ನೀವು ನೋಡಿರುತ್ತೀರಿ: ಎಳೆಯ ಕಳೆ ಒಣಗುತ್ತದೆ, ಗಟ್ಟಿ ಕಳೆ ಆ ಖಾಲಿ ಜಾಗವನ್ನೂ ಹಿಡಿಯುತ್ತದೆ. ಕೋಳಿಯ ಕರುಳಿನಲ್ಲಿ ಆಗುವುದೂ ಇದೇ.

ಕುಡಿಸಿದ ಔಷಧ ಕೋಳಿಯ ಮೈಯಲ್ಲೇ ಮುಗಿದುಹೋಗುವುದಿಲ್ಲ. ಟೆಟ್ರಾಸೈಕ್ಲಿನ್ ಜಾತಿಯದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಾಗೆಹಾಗೇ ಹಿಕ್ಕೆಯಲ್ಲಿ ಹೊರಬರುತ್ತದೆ. ಎನ್ರೋಫ್ಲಾಕ್ಸಾಸಿನ್ ಎಂಬ ಔಷಧ ಇದೆ, ಪ್ರಾಣಿಗಳಿಗಷ್ಟೇ ಕೊಡುವಂಥದ್ದು. ಮೈಯೊಳಗೆ ಅದರ ಒಂದು ಪಾಲು ಮನುಷ್ಯರಿಗೆ ಕೊಡುವ ಸಿಪ್ರೊಫ್ಲಾಕ್ಸಾಸಿನ್ ಆಗಿ ಬದಲಾಗುತ್ತದೆ. ನಿಮ್ಮವ್ವನ ರಿಪೋರ್ಟಿನಲ್ಲಿ ಹುಡುಕಿ ನೋಡಿ, ಬಹುಶಃ ಆ ಹೆಸರೂ ಇರುತ್ತದೆ. ಕೋಳಿಯಿಂದ ಮನುಷ್ಯರಿಗೆ ದಾಟಿ ಭೇದಿ ತರುವ ಕ್ಯಾಂಪಿಲೊಬ್ಯಾಕ್ಟರ್ ಈ ಕುಟುಂಬದ ಔಷಧಗಳಿಗೆ ಜಗ್ಗದಂತಾಯಿತೆಂದೇ ಅಮೆರಿಕ 2005ರಲ್ಲಿ ಕೋಳಿಗಳಿಗೆ ಎನ್ರೋಫ್ಲಾಕ್ಸಾಸಿನ್ ಕೊಡುವುದನ್ನು ನಿಷೇಧಿಸಿತು.

ಗೊಬ್ಬರದ ಜತೆ ಹೊಲಕ್ಕೆ ಬರುವುದು ಹಾಗಾದರೆ ಮೂರು: ಔಷಧದ ಉಳಿಕೆ, ಜೀವಂತ ಬ್ಯಾಕ್ಟೀರಿಯಾ, ಅದರೊಳಗಿನ ಜೀನು, ಅಂದರೆ ಗುಣವನ್ನು ಹೊತ್ತ ವಂಶವಾಹಿ. ಮೊದಲೆರಡು ಬಿಸಿಲಿಗೋ ಶಾಖಕ್ಕೋ ದಿನ ಕಳೆದಂತೆ ಸೋಲುತ್ತವೆ. ಮೂರನೆಯದರ ಕಾಟವೇ ಬೇರೆ. ಔಷಧ ತಡೆಯುವ ಜೀನುಗಳು ಎಷ್ಟೋ ಸಲ ಪ್ಲಾಸ್ಮಿಡ್ ಎಂಬ ಪುಟ್ಟ ಉಂಗುರದ ಮೇಲಿರುತ್ತವೆ. ಒಂದು ಬ್ಯಾಕ್ಟೀರಿಯಾ ಆ ಉಂಗುರದ ಪ್ರತಿಯನ್ನು ಪಕ್ಕದ್ದಕ್ಕೆ ದಾಟಿಸಬಲ್ಲದು, ಜಾತಿ ಬೇರೆಯಾದರೂ ಸರಿ. ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆ. ಕೊಟ್ಟವರ ಮೊಸರು ಕಡಿಮೆಯಾಗುವುದಿಲ್ಲ, ತಂದವರ ಗಡಿಗೆಯ ಹಾಲೆಲ್ಲ ಹೆಪ್ಪಾಗುತ್ತದೆ. ಕೋಳಿಯ ಇ. ಕೋಲಿ ಹೊಲದಲ್ಲಿ ಎರಡು ವಾರಕ್ಕೆ ಸತ್ತರೂ, ಸಾಯುವ ಮೊದಲು ಹೆಪ್ಪು ಕೊಟ್ಟೇ ಸತ್ತಿರಬಹುದು.

ಒಂದೇ ಉಂಗುರದ ಮೇಲೆ ಹಲವು ಔಷಧಗಳ ಜೀನು ಜತೆಯಾಗಿದ್ದರೆ ಇನ್ನೊಂದು ಫಜೀತಿ. ಡೆನ್ಮಾರ್ಕ್‌ನಲ್ಲಿ ಇದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಕೋಳಿ ಮತ್ತು ಹಂದಿ ಬೇಗ ಮೈತುಂಬಲೆಂದು ಅಲ್ಲಿ ಅವೊಪಾರ್ಸಿನ್ ಎಂಬ ಔಷಧವನ್ನು ಮೇವಿನಲ್ಲಿ ಬೆರೆಸುತ್ತಿದ್ದರು. ಆಸ್ಪತ್ರೆಯಲ್ಲಿ ಕೊನೆಯ ಆಸರೆಯಾಗಿದ್ದ ವ್ಯಾಂಕೊಮೈಸಿನ್‌ಗೆ ಅದು ದಾಯಾದಿ. ಅವೊಪಾರ್ಸಿನ್ ಅನ್ನು 1995ರಲ್ಲಿ ನಿಷೇಧಿಸಿದರು. ಕೋಳಿಗಳಲ್ಲಿ ಅದಕ್ಕೆ ಜಗ್ಗದ ಬ್ಯಾಕ್ಟೀರಿಯಾ ಐದು ವರ್ಷದಲ್ಲಿ ಮುಕ್ಕಾಲು ಪಾಲಿನಿಂದ ಶೇ 6ರ ಹತ್ತಿರ ಇಳಿಯಿತು. ಹಂದಿಗಳಲ್ಲಿ ಮಾತ್ರ ಇಳಿಯಲೇ ಇಲ್ಲ. ಯಾಕೆಂದು ನೋಡಿದರೆ, ಹಂದಿಗಳಿಗೆ ಟೈಲೊಸಿನ್ ಎಂಬ ಬೇರೊಂದು ಔಷಧ ಕೊಡುತ್ತಲೇ ಇದ್ದರು, ಎರಡರ ಜೀನುಗಳೂ ಒಂದೇ ಉಂಗುರದಲ್ಲಿದ್ದವು. ಟೈಲೊಸಿನ್ ಬದುಕಿಸಿದಾಗಲೆಲ್ಲ ಜತೆಗಾರನೂ ಬದುಕಿತು. 1998ರಲ್ಲಿ ಅದರ ಬಳಕೆಯೂ ನಿಂತ ಮೇಲಷ್ಟೇ ಹಂದಿಗಳಲ್ಲಿ ಇಳಿಕೆ ಕಂಡಿತು.

ಮಣ್ಣಿನಲ್ಲಿ ಇದೆಲ್ಲ ಮೊದಲೇ ಇರಲಿಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಇತ್ತು. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದೇ 1943ರಲ್ಲಿ, ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ. ಕೆನಡಾದಲ್ಲಿ 30,000 ವರ್ಷಗಳಿಂದ ಹೆಪ್ಪುಗಟ್ಟಿರುವ ನೆಲದಲ್ಲೂ ಇಂಥ ಜೀನುಗಳು ಸಿಕ್ಕಿವೆ. ಮಣ್ಣು ಇವುಗಳ ತವರು. ಆದರೆ ಮಣ್ಣಿನ ಜೀವಿಗಳಲ್ಲಿ ತಣ್ಣಗಿದ್ದದ್ದನ್ನು ಮನುಷ್ಯರ, ಪ್ರಾಣಿಗಳ ಹೊಟ್ಟೆಯಲ್ಲಿ ಬದುಕುವ ಬ್ಯಾಕ್ಟೀರಿಯಾಕ್ಕೆ ತುಂಬಿ, ಟ್ರಿಪ್ ಲೆಕ್ಕದಲ್ಲಿ ಹೊಲಕ್ಕೆ ಮರಳಿಸುತ್ತಿರುವುದು ನಾವು. (ದಾಳಿಂಬೆ ಬೆಳೆಯುವ ಕುಷ್ಟಗಿ, ಯಲಬುರ್ಗಾ ಕಡೆಯವರು ಈಗ ನಗಬಾರದು. ಅಂಗಮಾರಿಗೆ ನೀವು ಹೊಡೆಯುವ ಸ್ಟ್ರೆಪ್ಟೊಸೈಕ್ಲಿನ್ ಪುಡಿಯೂ ಆ್ಯಂಟಿಬಯೋಟಿಕ್ಕೇ: ಸ್ಟ್ರೆಪ್ಟೊಮೈಸಿನ್ ಒಂಬತ್ತು ಪಾಲು, ಟೆಟ್ರಾಸೈಕ್ಲಿನ್ ಒಂದು ಪಾಲು.)

ಫಾರಂನಿಂದ ಹೊರಗೆ ಹರಡುತ್ತದೆ ಎಂಬುದಕ್ಕೆ ಸಾಕ್ಷ್ಯ ಹಳೆಯದು. ಅಮೆರಿಕದ ಸ್ಟುವರ್ಟ್ ಲೆವಿ ಮತ್ತು ಸಂಗಡಿಗರು ಮ್ಯಾಸಚೂಸೆಟ್ಸ್‌ನ ಒಂದು ಹೊಲದಲ್ಲಿ ಕೋಳಿ ಸಾಕಿಸಿ, ಮೇವಿನಲ್ಲಿ ಆಕ್ಸಿಟೆಟ್ರಾಸೈಕ್ಲಿನ್ ಬೆರೆಸಿ ನೋಡಿದರು. 1976ರಲ್ಲಿ ಪ್ರಕಟವಾದ ಅಧ್ಯಯನ. ವಾರ ಎರಡು ವಾರದಲ್ಲಿ ಕೋಳಿಯ ಕರುಳಿನ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಪೂರ್ತಿ ಆ ಔಷಧಕ್ಕೆ ಜಗ್ಗದಾಯಿತು. ಮೂರು ತಿಂಗಳೊಳಗೆ, ಕೊಡದೇ ಇದ್ದ ಬೇರೆ ಔಷಧಗಳಿಗೂ ಜಗ್ಗದಾಯಿತು. ಐದಾರು ತಿಂಗಳಿಗೆ ಆ ಮನೆಯವರ ಮಲದಲ್ಲೂ ಅದೇ ಬಗೆಯವು ಹೆಚ್ಚಿದವು, ನೆರೆಮನೆಯವರಲ್ಲಿ ಹಾಗಾಗಿರಲಿಲ್ಲ. 2008ರ ಇನ್ನೊಂದು ಅಧ್ಯಯನ ನನಗೆ ಇನ್ನೂ ಇಷ್ಟ. ಕೋಳಿ ತುಂಬಿದ ಲಾರಿಗಳ ಹಿಂದೆ ಕಿಟಕಿ ತೆರೆದ ಕಾರು ಓಡಿಸಿ, ಆಮೇಲೆ ಕಾರೊಳಗಿನ ಗಾಳಿ, ಬಾಗಿಲ ಹಿಡಿ, ಒಳಗಿಟ್ಟ ತಂಪು ಪಾನೀಯದ ಡಬ್ಬಿ ಪರೀಕ್ಷಿಸಿದರು. ಎಲ್ಲ ಕಡೆಯೂ ಬ್ಯಾಕ್ಟೀರಿಯಾ ಸಿಕ್ಕಿತು, ಔಷಧಕ್ಕೆ ಜಗ್ಗದವೂ ಅದರಲ್ಲಿದ್ದವು. ಗಂಗಾವತಿ ರಸ್ತೆಯಲ್ಲಿ ಕೋಳಿ ಲಾರಿಯ ಹಿಂದೆ ಬೈಕಿನಲ್ಲಿ ಸಿಕ್ಕಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ದೇಶದಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2017ರಲ್ಲಿ ಉತ್ತರದ ನಾಲ್ಕು ರಾಜ್ಯಗಳ 12 ಕೋಳಿ ಫಾರಂಗಳ ಗೊಬ್ಬರವನ್ನೂ ಸುತ್ತಲಿನ ಮಣ್ಣನ್ನೂ ಪರೀಕ್ಷಿಸಿತು. ಗೊಬ್ಬರದ ಇ. ಕೋಲಿ ಯಾವ ಯಾವ ಔಷಧಕ್ಕೆ ಜಗ್ಗುತ್ತಿರಲಿಲ್ಲವೋ, ಆ ಗೊಬ್ಬರ ಬಿದ್ದ ಹೊಲದ ಇ. ಕೋಲಿಯೂ ಬಹುಮಟ್ಟಿಗೆ ಅದೇ ಔಷಧಗಳಿಗೆ ಜಗ್ಗುತ್ತಿರಲಿಲ್ಲ.

ಸರ್ಕಾರ ಕೈಕಟ್ಟಿ ಕುಳಿತಿಲ್ಲ. ಐಸಿಯುಗಳಲ್ಲಿ ಬೇರೇನೂ ನಡೆಯದಾಗ ಕೊಡುವ ಕೊಲಿಸ್ಟಿನ್ ಔಷಧವನ್ನು ಕೋಳಿಗಳಿಗೆ ಪುಡಿಯಾಗಿ ತಿನ್ನಿಸುತ್ತಿದ್ದ ಕಾಲವಿತ್ತು. ಅದನ್ನು ತಡೆಯುವ ಜೀನು ಪ್ಲಾಸ್ಮಿಡ್ ಮೇಲೆ ಕುಳಿತಿರುವುದು ಚೀನಾದ ಹಂದಿಗಳಲ್ಲಿ ಪತ್ತೆಯಾದ ಸುದ್ದಿ 2015ರ ನವೆಂಬರಿನಲ್ಲಿ ಬಂತು. ಭಾರತ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ನಿಷೇಧಿಸಿತು. ಒಳ್ಳೆಯದೇ ಆಯಿತು. ಆದರೆ ನಿಷೇಧ ಇರುವುದು ದೆಹಲಿಯ ಕಾಗದದಲ್ಲಿ, ಔಷಧ ಇರುವುದು ನಮ್ಮ ಸಂತೆ ಪೇಟೆಯ ಅಂಗಡಿಯಲ್ಲಿ.

ಈಗ ನಿಮ್ಮ ನಲವತ್ತು ಕುರಿಗೆ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಿಂದೊಮ್ಮೆ ಕುಷ್ಟಗಿ ಕಡೆ ಕುರಿಗಾರರೊಬ್ಬರು ತಮ್ಮ ಹೆಗಲ ಚೀಲ ಬಿಚ್ಚಿ ತೋರಿಸಿದರು. ತಂಬಾಕಿನ ಡಬ್ಬಿಯಲ್ಲಿ ಒಂದು ಸಿರಿಂಜು, ಎರಡು ಸೂಜಿ. ಬಿಸಿಲಿಗೆ ಕಂದು ತಿರುಗಿದ ಆಕ್ಸಿಟೆಟ್ರಾಸೈಕ್ಲಿನ್ ಬಾಟಲಿ, ಅರ್ಧ ಖಾಲಿ. ‘ಎಷ್ಟು ಕೊಡ್ತೀರಿ?’ ಅಂದೆ. ‘ಎರಡು ಎಂಎಲ್ರೀ, ಎಲ್ಲಕ್ಕೂ.’ ಟಗರಿಗೂ ಎರಡು, ಎಂಟು ಕಿಲೊ ಮರಿಗೂ ಎರಡು. ‘ಎಷ್ಟು ದಿನ?’ ‘ಮೇವು ಮುಟ್ಟಿದ್ರ ಬಿಡ್ತೀವ್ರಿ.’ ಆ ಸಲ ಮಂದೆಗೆ ಬಂದಿದ್ದು ನೀಲಿ ನಾಲಿಗೆ, ವೈರಸ್ಸಿನ ಕಾಯಿಲೆ. ಆ ಔಷಧ ವೈರಸ್ಸಿನ ಒಂದು ಕೂದಲೂ ಕೊಂಕಿಸದು. ಅವರನ್ನು ಬೈಯುವ ಮುಖ ನನಗಿರಲಿಲ್ಲ. ಅವರ ಮಂದೆಗೂ ಹತ್ತಿರದ ಪಶು ಆಸ್ಪತ್ರೆಗೂ ಹದಿನೆಂಟು ಕಿಲೊಮೀಟರ್ ದೂರ, ಬಾಟಲಿ ಕೊಡುವ ಅಂಗಡಿ ದಾರಿಯಲ್ಲೇ ಇತ್ತು. ನಾವು ಡಾಕ್ಟರುಗಳೇ ಹಿಂದೆ ಅವರ ಕಣ್ಣೆದುರು ಅದೇ ಬಾಟಲಿಯಿಂದ ಚುಚ್ಚಿ ದಾರಿ ತೋರಿಸಿದ್ದೆವು ಕೂಡ.

ನಿಮ್ಮ ಚೀಲದಲ್ಲೂ ಅಂಥ ಬಾಟಲಿ ಇದ್ದರೆ, ಅದು ಫಾರಂನ ಟ್ಯಾಂಕಿಗಿಂತ ನಿಮ್ಮ ಮನೆಗೆ ಹತ್ತಿರದ್ದು. 1962ಕ್ಕೆ ಕರೆ ಮಾಡಿದರೆ ಪಶು ಚಿಕಿತ್ಸಾ ವಾಹನ ಬರುತ್ತದೆ, ಅದನ್ನು ಬಳಸಿ. ಪಿಪಿಆರ್ (ಕುರಿ, ಮೇಕೆಗಳ ವೈರಸ್ ಕಾಯಿಲೆ), ನೀಲಿ ನಾಲಿಗೆ, ಕರುಳುಬೇನೆಗೆ ಲಸಿಕೆ ಇವೆ, ಮಳೆಗಾಲಕ್ಕೆ ಮುಂಚೆ ಪಶು ವೈದ್ಯರನ್ನು ಕೇಳಿ ಹಾಕಿಸಿ. ಚುಚ್ಚಿದ ಕುರಿಯನ್ನು ಬಾಟಲಿಯ ಮೇಲೆ ಬರೆದಷ್ಟು ದಿನ ಮಾಂಸಕ್ಕೆ ಮಾರಬೇಡಿ. ಬರೆದಿಲ್ಲವಾದರೆ 28 ದಿನಕ್ಕೆ ಕಡಿಮೆಯಿಲ್ಲದಂತೆ ಎಂದು 2012ರಿಂದ ನಿಯಮವೇ ಇದೆ. ಹಾಲು, ಮೊಟ್ಟೆಗಾದರೆ ಏಳು ದಿನ.

ಗೊಬ್ಬರ ತರುವುದು ನಿಲ್ಲಿಸಬೇಡಿ. ಈ ಕರಿಮಣ್ಣಿಗೆ ಅದು ಬೇಕು. ತಂದ ದಿನವೇ ಚೆಲ್ಲುವುದನ್ನು ನಿಲ್ಲಿಸಿ. ಮೊಟ್ಟೆ ಕೋಳಿಯ ಹಿಕ್ಕೆಯಲ್ಲಿ ಸಾರಜನಕ ಜಾಸ್ತಿ, ಒಂದನ್ನೇ ಗುಡ್ಡೆ ಹಾಕಿದರೆ ನಾರುತ್ತದೆಯೇ ಹೊರತು ಸರಿಯಾಗಿ ಕೊಳೆಯದು. ಕೊಯ್ಲಾದ ಮೇಲೆ ಸುಡುತ್ತೀರಲ್ಲ ಆ ಭತ್ತದ ಹುಲ್ಲು, ಅದನ್ನು ಕತ್ತರಿಸಿ ಬೆರೆಸಿ. ರೈಸ್ ಮಿಲ್ಲಿನ ಹೊಟ್ಟೂ ಆಗುತ್ತದೆ, ಆದರೆ ಕೊಳೆಯುವುದು ನಿಧಾನ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಸುರಿಯಬಾರದು; ಅಷ್ಟು ಹಸಿ ಸಾಕು. ನಾಲ್ಕೈದು ಅಡಿ ಎತ್ತರದ ತಿಪ್ಪೆ ಮಾಡಿ ತಾಡಪತ್ರಿ ಹೊದಿಸಿ. ಮೂರನೆಯ ದಿನ ಕಬ್ಬಿಣದ ಸಲಾಕೆಯೊಂದನ್ನು ನಡುವಿಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆಯಿರಿ. ಕೈಯಲ್ಲಿ ಹಿಡಿದುಕೊಳ್ಳಲಾಗದಷ್ಟು ಸುಡುತ್ತಿದ್ದರೆ 55 ಡಿಗ್ರಿ ಮುಟ್ಟಿದೆ ಎನ್ನಬಹುದು. ಆ ಕಾವು ಹದಿನೈದು ದಿನವಾದರೂ ಉಳಿಯಬೇಕು, ಅಷ್ಟರಲ್ಲಿ ಐದು ಸಲ ಹೊರಗಿನದು ಒಳಗೆ ಹೋಗುವಂತೆ ಮಗುಚಬೇಕು. ಅಂಚಿನ ಹಸಿ ಗೊಬ್ಬರಕ್ಕೆ ಕಾವು ತಾಗದೆ ಹೋದರೆ ಮಾಡಿದ್ದೆಲ್ಲ ವ್ಯರ್ಥ. ಆಮೇಲೆ ಎರಡು ತಿಂಗಳು ಹಾಗೇ ಬಿಡಿ.

ಇದರಿಂದ ಎಲ್ಲ ಹೋಗುವುದಿಲ್ಲ. ಇ. ಕೋಲಿ, ಸಾಲ್ಮೊನೆಲ್ಲಾ ಬಹುಪಾಲು ಸಾಯುತ್ತವೆ, ಟೆಟ್ರಾಸೈಕ್ಲಿನ್ ಹೆಚ್ಚಿನಂಶ ಒಡೆಯುತ್ತದೆ. ಸಿಪ್ರೊ ಕುಟುಂಬದ್ದು ಮಣ್ಣಿನ ಕಣಕ್ಕೆ ಅಂಟಿಕೊಂಡು ತಿಂಗಳುಗಟ್ಟಲೆ ಇರುತ್ತದೆ. ಜೀನುಗಳೂ ಕಡಿಮೆಯಾಗುತ್ತವೆ, ಸೊನ್ನೆಯಾಗುವುದಿಲ್ಲ. ಆದರೂ ಹಸಿ ಗೊಬ್ಬರಕ್ಕೂ ಬೆಂದ ಗೊಬ್ಬರಕ್ಕೂ ಅಜಗಜಾಂತರ. ನೊಣದ ಕಾಟವೂ ಇಳಿಯುತ್ತದೆ. ಅದೇನು ಸಣ್ಣ ಮಾತಲ್ಲ, ತಿಪ್ಪೆಯಿಂದ ಅಡುಗೆಮನೆಗೆ ಈ ಬ್ಯಾಕ್ಟೀರಿಯಾ ಹೊತ್ತು ತರುವುದರಲ್ಲಿ ನೊಣದ ಪಾತ್ರವಿದೆ.

ಭತ್ತದ ಬಗ್ಗೆ ನನಗೆ ಚಿಂತೆ ಕಡಿಮೆ. ಅನ್ನ ಕುದ್ದೇ ತಟ್ಟೆಗೆ ಬರುತ್ತದೆ. ಚಿಂತೆ ಇರುವುದು ಆ ಅರ್ಧ ಎಕರೆಯದ್ದು. ನಮ್ಮ ಕಡೆ ರೊಟ್ಟಿ ಜತೆ ಹಕ್ಕರಕಿ, ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು ಹಸಿಯಾಗಿಯೇ ತಿನ್ನುತ್ತೇವೆ. ಬುಡದಲ್ಲಿ ಹಸಿ ಕೋಳಿ ಗೊಬ್ಬರ, ಮೇಲೆ ನೀರು ಹಾಯಿಸಿದಾಗ ಸಿಡಿದ ಕೆಸರು, ಸಂಜೆ ಕಿತ್ತು ಒಂದು ಸಲ ಜಾಲಿಸಿ ತಾಟಿಗೆ. ತಿಪ್ಪೆಯಿಂದ ಹೊಟ್ಟೆಗೆ ಇದಕ್ಕಿಂತ ಹತ್ತಿರದ ದಾರಿಯಿಲ್ಲ. ಹಸಿಯಾಗಿ ತಿನ್ನುವ ಬೆಳೆಗೆ ಕೊಳೆಸದ ಗೊಬ್ಬರ ಬೇಡವೇ ಬೇಡ. ಅಮೆರಿಕದ ಸಾವಯವ ನಿಯಮದಲ್ಲಿ ಹಸಿ ಗೊಬ್ಬರ ಹಾಕಿದ ಮೇಲೆ ಮಣ್ಣಿಗೆ ತಾಗುವ ಬೆಳೆ ಕೀಳಲು 120 ದಿನ ಕಾಯಬೇಕು. ಮೆಂತ್ಯ ಬರುವುದೇ ತಿಂಗಳಿಗೆ.

ನೀರಿನ ವಿಷಯ ಚಿಕ್ಕದಾಗಿ. ತುಂಗಭದ್ರಾ ಎಡದಂಡೆ ಕಾಲುವೆಯ ಊರುಗಳಲ್ಲಿ ಮೇಲಿನ ಗದ್ದೆಯ ಬಸಿನೀರು ಹಳ್ಳಕ್ಕಿಳಿಯುತ್ತದೆ, ಕೆಳಗಿನವರು ಅದನ್ನೇ ಪಂಪ್ ಹಚ್ಚಿ ಎತ್ತುತ್ತಾರೆ. ಹಾಗಾಗಿ ತಿಪ್ಪೆ ಹಳ್ಳದ ದಂಡೆಗೂ ಬೇಡ, ಬೋರ್‌ವೆಲ್ ಪಕ್ಕಕ್ಕೂ ಬೇಡ. ಮಳೆ ಬರುವ ಹಿಂದಿನ ದಿನ ಗೊಬ್ಬರ ಚೆಲ್ಲಬೇಡಿ, ಚೆಲ್ಲಿದ ದಿನವೇ ಉಳುಮೆ ಮಾಡಿ ಮಣ್ಣಿಗೆ ಸೇರಿಸಿ. ಕೆರೆ ನೀರನ್ನು ಕುದಿಸಿ ಕುಡಿಯಿರಿ. ಪಂಚಾಯಿತಿಯವರು ಕ್ಲೋರಿನ್ ಹಾಕುತ್ತಾರೋ ಇಲ್ಲವೋ ಕೇಳಿ. ಈ ಬ್ಯಾಕ್ಟೀರಿಯಾ ಎರಡಕ್ಕೂ ಸಾಯುತ್ತದೆ.

ಫಾರಂ ಮಾಲೀಕರ ಜತೆ ಜಗಳಕ್ಕೆ ಹೋಗಬೇಡಿ. ನೀವು ಅವರ ಗಿರಾಕಿ, ಕೇಳುವ ಹಕ್ಕು ನಿಮಗಿದೆ: ಈ ಲಾಟಿನ ಕೋಳಿಗಳಿಗೆ ಕೊನೆಯ ಸಲ ಯಾವ ಔಷಧ, ಯಾವಾಗ ಕೊಟ್ಟಿರಿ? ಶೆಡ್ಡಿನಡಿಯಿಂದ ಬಳಿದ ಹಸಿಯದೋ, ಕೂಡಿಟ್ಟು ಬಿಸಿಯಾದದ್ದೋ? ಇಬ್ಬರು ಮೂವರು ರೈತರು ಸೇರಿ ‘ಕೊಳೆತದ್ದಾದರೆ ಟ್ರಿಪ್ಪಿಗೆ ಐನೂರು ಜಾಸ್ತಿ ಕೊಡ್ತೀವಿ’ ಅಂದು ನೋಡಿ. ತಿಪ್ಪೆ ಮಗುಚುವ ಯಂತ್ರ ಅವರಿಗೆ ಕೊಳ್ಳಲಾದೀತು, ನಿಮಗಾಗದು.

ಅವ್ವನ ರಿಪೋರ್ಟ್ ಎಸೆಯಬೇಡಿ. ‘ಆರ್’ ಇಲ್ಲದ ಐದು ಹೆಸರುಗಳು ಅದರಲ್ಲಿ ಉಳಿದಿವೆಯಲ್ಲ, ಮುಂದೆ ಯಾವ ಕಾಯಿಲೆಗೆ ಯಾವ ಡಾಕ್ಟರ ಹತ್ತಿರ ಹೋದರೂ ಔಷಧ ಬರೆಯುವ ಮೊದಲು ಅದನ್ನು ಅವರ ಮುಂದಿಡಿ.